14 ದಿನದಲ್ಲಿ 10 ವಿಮಾನ: ಇಂದ್ರ ಲಾಲ್ ರಾಯ್‌ಗೆ ಕಲಿಸಿದವರು ಯಾರು?

ಬಾನಾಡಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಮಕ್ಕಳಿಗೆ ಕಥೆ ಹೇಳುತ್ತೇನೆ. ಈ ಸಲ ಇಂದ್ರ ಲಾಲ್ ರಾಯ್ ಕಥೆ ಹೇಳಿದೆ. ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು: 1898ರ ಡಿಸೆಂಬರ್ 2ರಂದು ಕಲ್ಕತ್ತದಲ್ಲಿ ಹುಟ್ಟಿದ ಹುಡುಗ. ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಬ್ರಿಟಿಷರ ಆಗಿನ ವಾಯುಪಡೆಯಾದ ರಾಯಲ್ ಫ್ಲೈಯಿಂಗ್ ಕೋರ್ ಸೇರಿದ. ಅದೇ ಡಿಸೆಂಬರಲ್ಲಿ ವಿಮಾನ ಬಿದ್ದು ಪೆಟ್ಟಾಯಿತು, ಇನ್ನು ಹಾರೋಕೆ ಆಗಲ್ಲ ಅಂದರು. ಐದು ಅಥವಾ ಅದಕ್ಕಿಂತ ಜಾಸ್ತಿ ಶತ್ರು ವಿಮಾನ ಹೊಡೆದವರನ್ನು ಏಸ್ ಅಂತಾರಲ್ವಾ, ಆ ಯುದ್ಧದಲ್ಲಿ ಆ ಹೆಸರು ಪಡೆದ ಭಾರತೀಯ ಇವನೊಬ್ಬನೇ. 1918ರ ಜುಲೈ 6ರಿಂದ 19ರವರೆಗೆ, ಹದಿನಾಲ್ಕೇ ದಿನದಲ್ಲಿ, 10 ವಿಮಾನ ಅವನ ಲೆಕ್ಕಕ್ಕೆ ಸೇರಿದವು. 22ನೇ ತಾರೀಖು ತಾನೇ ಬಿದ್ದ. ಇನ್ನೂ 19 ವರ್ಷ.

ಕಥೆ ಮುಗಿದ ಮೇಲೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಆಂಟಿ, ಡಿಸೆಂಬರಲ್ಲಿ ಬಿದ್ದು, ಹಾರೋಕೆ ಆಗಲ್ಲ ಅಂತ ಹೇಳಿಸಿಕೊಂಡವನು ಜುಲೈನಲ್ಲಿ ಹೇಗೆ ಗೆದ್ದ? ಮಧ್ಯೆ ಏನಾಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಧೈರ್ಯ ಇತ್ತು ಕಣಮ್ಮ ಅಂದೆ. ಅವಳು ಒಪ್ಪಲಿಲ್ಲ. ಧೈರ್ಯ ಡಿಸೆಂಬರಲ್ಲೂ ಇತ್ತಲ್ಲ ಅಂದಳು. ಅಂದಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ತಿಳಿದವರು ಬರೆಯಿರಿ. ಮುಂದಿನ ಭಾನುವಾರ ಅವಳಿಗೆ ಸರಿಯಾದ ಉತ್ತರ ಕೊಡಬೇಕು.

---

ನೀಲಿ ಲಕೋಟೆ

ಒಳ್ಳೆಯ ಪ್ರಶ್ನೆ ಬಾನಾಡಿ ಮೇಡಂ. ಅಂಚೆಚೀಟಿ ಕೂಡಿಡುವ ನನಗೆ ರಾಯ್ ಸಿಕ್ಕಿದ್ದು 1998ರಲ್ಲಿ, ಅವನ ನೂರನೇ ವರ್ಷಕ್ಕೆ ನಮ್ಮ ಅಂಚೆ ಇಲಾಖೆ ತಂದ ಚೀಟಿಯಲ್ಲಿ. ಮೊದಲು ಸೇನೆ ಅವನ ಕಣ್ಣು ಸರಿಯಿಲ್ಲ ಅಂತ ವಾಪಸ್ ಕಳಿಸಿತ್ತು. ತನ್ನ ಮೋಟಾರ್ ಸೈಕಲ್ ಮಾರಿ, ಆ ದುಡ್ಡಲ್ಲಿ ದೊಡ್ಡ ಕಣ್ಣಿನ ಡಾಕ್ಟರ ಹತ್ತಿರ ಮತ್ತೆ ಪರೀಕ್ಷೆ ಮಾಡಿಸಿಕೊಂಡ ಅಂತ ಅವನ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಹಠದ ಮನೆತನವೇ. ಅವನ ತಾಯಿ ಲಲಿತಾ ರಾಯ್ 1911ರಲ್ಲಿ ಲಂಡನ್ನಿನಲ್ಲಿ ಹೆಂಗಸರಿಗೆ ಮತದ ಹಕ್ಕು ಬೇಕು ಅಂತ ನಡೆದ ದೊಡ್ಡ ಮೆರವಣಿಗೆಯಲ್ಲಿ ಭಾರತದ ಹೆಂಗಸರ ಜೊತೆ ಹೆಜ್ಜೆ ಹಾಕಿದವರು. ಅಣ್ಣ ಪರೇಶ್ ಲಾಲ್ ರಾಯ್ ನಮ್ಮ ದೇಶದ ಬಾಕ್ಸಿಂಗಿಗೆ ತಂದೆ ಅನ್ನಿಸಿಕೊಂಡವರು.

---

ಸಿಡಿಲಮರಿ

ಆ ಕಾಲದ ಪೈಲಟ್‌ಗಳು ಇಂಜಿನ್ನಿನಿಂದ ಹಾರುವ ಹರಳೆಣ್ಣೆ ಹೊಗೆ ಕುಡಿದು ಕುಡಿದೇ ಹಾರುತ್ತಿದ್ದರಂತೆ. ರಾಯ್ ಕೂಡ ಹಾಗೇ ಹಾರಿರಬೇಕು. ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ.

---

ಹಳೇ ಸ್ಪ್ಯಾನರ್

ಸಿಡಿಲಮರಿ, ಹರಳೆಣ್ಣೆ ವಿಷಯ ನಿಜ. ಆದರೆ ರಾಯ್ ವಿಮಾನಕ್ಕೆ ಅದು ಹೊಂದಲ್ಲ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆ ಮಗುವಿನ ಪ್ರಶ್ನೆಗೂ ಇದು ಸಂಬಂಧಪಟ್ಟದ್ದು.

ಆಗ ಎರಡು ತರಹದ ಇಂಜಿನ್ ಇದ್ದವು. ಒಂದು ರೋಟರಿ. ನಮ್ಮ ಬೈಕಿನಲ್ಲಿ ಸಿಲಿಂಡರ್ ನಿಂತಿರುತ್ತೆ, ಒಳಗಿನ ಕ್ರ್ಯಾಂಕ್ ತಿರುಗುತ್ತೆ. ರೋಟರಿಯಲ್ಲಿ ಉಲ್ಟಾ. ಕ್ರ್ಯಾಂಕ್ ವಿಮಾನಕ್ಕೆ ಬಿಗಿದಿರುತ್ತೆ, ಸಿಲಿಂಡರ್‌ಗಳೆಲ್ಲ ಪ್ರೊಪೆಲ್ಲರ್ ಜೊತೆ ಗಿರಗಿರ ಸುತ್ತುತ್ತವೆ. ಎಣ್ಣೆ ಪೆಟ್ರೋಲಿನ ಜೊತೆಗೇ ಒಳಗೆ ಹೋಗಬೇಕು. ಬೇರೆ ಎಣ್ಣೆಯಾದರೆ ಪೆಟ್ರೋಲಿನಲ್ಲಿ ಕರಗಿ ತೆಳ್ಳಗಾಗುತ್ತೆ. ಹರಳೆಣ್ಣೆ ಸುಲಭಕ್ಕೆ ಕರಗಲ್ಲ, ಬಿಸಿಗೂ ಜಗ್ಗಲ್ಲ. ಅದಕ್ಕೇ ಅದನ್ನೇ ಹಾಕಿದರು. ಒಳಗೆ ಹೋದ ಎಣ್ಣೆ ವಾಪಸ್ ಬರುವ ದಾರಿಯೇ ಇಲ್ಲ. ಅರ್ಧಂಬರ್ಧ ಉರಿದು ಹೊರಗೆ ಸಿಡಿಯುತ್ತೆ. ಪೈಲಟ್ ಕನ್ನಡಕ, ಮೂಗು, ಬಾಯಿ ಎಲ್ಲ ಎಣ್ಣೆ. ಭಾನುವಾರ ಬೆಳಿಗ್ಗೆ ಅಜ್ಜಿ ಹರಳೆಣ್ಣೆ ಕುಡಿಸಿದರೆ ಹೊಟ್ಟೆಗೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಇವರಿಗೆ ದಿನಾ ಅದೇ ಕಷ್ಟ.

ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗಿನಲ್ಲಿದ್ದಾಗ ಪುಟ್ಟ ವಿಮಾನದ ಮಾದರಿ ಹಾರಿಸುತ್ತಿದ್ದೆವು. ಅದರ ಇಂಧನಕ್ಕೂ ಹರಳೆಣ್ಣೆ ಬೆರೆಸಬೇಕು. ಹತ್ತು ನಿಮಿಷ ಹಾರಿಸಿದರೆ ಅಂಗಿಯ ತೋಳು ಜಿಡ್ಡು. ಸುಟ್ಟ ಎಣ್ಣೆಯ ಸಿಹಿ ವಾಸನೆ ಎರಡು ಸಲ ಒಗೆದರೂ ಹೋಗಲ್ಲ. ಅಷ್ಟು ಚಿಕ್ಕ ಇಂಜಿನ್ನಿಗೇ ಹೀಗಾದರೆ, ಒಂಬತ್ತು ಸಿಲಿಂಡರಿನ ಹಿಂದೆ ಎರಡು ಗಂಟೆ ಕೂತವನ ಗತಿ ಯೋಚಿಸಿ.

ಸಾಪ್‌ವಿತ್ ಕ್ಯಾಮಲ್ ವಿಮಾನಕ್ಕೆ ಇದ್ದದ್ದು ಈ ರೋಟರಿ. ಸುತ್ತುವ ಇಂಜಿನ್ನಿನ ಭಾರಕ್ಕೆ ವಿಮಾನ ಬಲಕ್ಕೆ ಚಕ್ಕನೆ ತಿರುಗುತ್ತೆ. ಕಲಿತವನಿಗೆ ಅದು ವರ. ಕಲಿಯುತ್ತಿರುವವನಿಗೆ ಸಾವು. ತರಬೇತಿಯಲ್ಲೇ ಬಹಳ ಹುಡುಗರು ಸತ್ತರು.

ರಾಯ್ ಹಾರಿಸಿದ್ದು ಎಸ್‌ಇ5ಎ. ಅದಕ್ಕೆ ನೀರಿನಿಂದ ತಣಿಯುವ ಎಂಟು ಸಿಲಿಂಡರಿನ ಇಂಜಿನ್. ಹರಳೆಣ್ಣೆ ಮಳೆ ಇಲ್ಲ. ವೇಗ ಇದೆ, ಧುಮುಕಿದರೆ ಅಲುಗಾಡಲ್ಲ. ಗುರಿ ಹಿಡಿದು ಗುಂಡು ಹಾರಿಸುವವನಿಗೆ ಹೇಳಿ ಮಾಡಿಸಿದ ವಿಮಾನ. ಆದರೆ 1917ರ ಡಿಸೆಂಬರ್ 6ರಂದು ಅವನು ಬೀಳಿಸಿಕೊಂಡದ್ದೂ ಎಸ್‌ಇ5ಎ ವಿಮಾನವನ್ನೇ. ಹಾಗಾಗಿ ಮೇಡಂ, ಆ ಹುಡುಗಿಗೆ "ವಿಮಾನ ಬದಲಾಯ್ತು" ಅಂತ ಹೇಳೋಕಾಗಲ್ಲ. ವಿಮಾನ ಅದೇ, ಹುಡುಗ ಅವನೇ. ಬದಲಾದದ್ದು ಬೇರೇನೋ.

---

ಬಾನಾಡಿ

ಹಳೇ ಸ್ಪ್ಯಾನರ್ ಸರ್, ಹರಳೆಣ್ಣೆ ಕಥೆ ಮಕ್ಕಳಿಗೆ ಖಂಡಿತ ಹೇಳುತ್ತೇನೆ. "ಬದಲಾದದ್ದು ಬೇರೇನೋ" ಅಂದಿರಲ್ಲ, ಅದೇ ನನಗೂ ಬೇಕಾಗಿರೋದು.

---

ಸೀಮೆಸುಣ್ಣ

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು. ಈ ಏಸ್‌ಗಳ ಬಗ್ಗೆ ಓದುತ್ತಲೇ ಬಂದಿದ್ದೇನೆ. ನನ್ನ ಉತ್ತರ ಹೇಳಿಬಿಡುತ್ತೇನೆ: ಮೇಷ್ಟ್ರು. ರಾಯ್‌ಗೆ ಎರಡನೇ ಸಲ ಒಳ್ಳೆಯ ಮೇಷ್ಟ್ರು ಸಿಕ್ಕರು.

ಮೊದಲ ಸಲ ಅವನು ಸೇರಿದ್ದು 56ನೇ ಸ್ಕ್ವಾಡ್ರನ್. 1917ರ ಅಕ್ಟೋಬರ್ ಕೊನೆ. ಬಹಳ ಹೆಸರುವಾಸಿ ಪಡೆ. ಐದಾರು ವಾರದಲ್ಲಿ ವಿಮಾನ ಬಿತ್ತು. ಪೆಟ್ಟಾಯಿತು, ಡಾಕ್ಟರು ಹಾರಬೇಡ ಅಂದರು. ಮಲಗಿದ್ದಾಗ ಸುಮ್ಮನಿರದೆ ವಿಮಾನಗಳ ಚಿತ್ರ ಬರೆಯುತ್ತಿದ್ದ. ಅವುಗಳಲ್ಲಿ ಕೆಲವು ಇವತ್ತಿಗೂ ಉಳಿದಿವೆ. ಮತ್ತೆ ಹಾರಲು ಬಿಡಿ ಅಂತ ಮೇಲಿನವರ ಬೆನ್ನು ಬಿಡಲಿಲ್ಲ. 1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್ನಿಗೆ ಕಳಿಸಿದರು. ಅಲ್ಲಿ ಅವನ ತಂಡದ ನಾಯಕ ಜಾರ್ಜ್ ಮೆಕ್‌ಎಲ್ರಾಯ್, ಡಬ್ಲಿನ್ನಿನ ಐರಿಷ್ ಮನುಷ್ಯ. ಒಟ್ಟು 47 ವಿಮಾನ ಅವನ ಲೆಕ್ಕ.

ಈ ಮೆಕ್‌ಎಲ್ರಾಯ್ ಹುಟ್ಟಾ ಶೂರನಲ್ಲ. 1917ರ ಆಗಸ್ಟಿನಲ್ಲಿ ಇದೇ 40ನೇ ಸ್ಕ್ವಾಡ್ರನ್ ಸೇರಿದ. ಮೊದಲ ಗೆಲುವು ಬಂದದ್ದು ಡಿಸೆಂಬರ್ 28ಕ್ಕೆ. ನಾಲ್ಕು ತಿಂಗಳು ಒಂದೂ ಇಲ್ಲ! ಆ ತಿಂಗಳುಗಳಲ್ಲಿ ಅವನನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿದವನು ಅದೇ ಪಡೆಯ ಎಡ್ವರ್ಡ್ ಮ್ಯಾನಕ್. ಮ್ಯಾನಕ್ ತಂದೆ ಸಿಪಾಯಿ, ಹಾಗಾಗಿ ಬಾಲ್ಯದ ಕೆಲವು ವರ್ಷ ಕಳೆದದ್ದು ನಮ್ಮ ದೇಶದಲ್ಲೇ.

ಮ್ಯಾನಕ್ ಶುರುವೂ ಹಾಗೇ. 1917ರ ಏಪ್ರಿಲ್‌ನಲ್ಲಿ ಬಂದಾಗ ಜೊತೆಯವರು ಇವನು ಪುಕ್ಕಲ ಅಂದುಕೊಂಡಿದ್ದರು. ಅವನಿಗೆ ಭಯ ಇದ್ದದ್ದೂ ನಿಜ. ಬೆಂಕಿಯ ಭಯ. ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಶೂಟ್ ಕೊಡುತ್ತಿರಲಿಲ್ಲ. ವಿಮಾನ ಅಂದರೆ ಮರದ ಕಡ್ಡಿ, ಮೇಲೆ ಬಟ್ಟೆ, ಬಟ್ಟೆಗೆ ಬಳಿದ ವಾರ್ನಿಷ್, ಜೊತೆಗೆ ಪೆಟ್ರೋಲ್ ಟ್ಯಾಂಕು. ಹತ್ತಿಕೊಂಡರೆ ಮುಗೀತು. ಉರಿದು ಸಾಯುವುದಕ್ಕಿಂತ ಇದೇ ವಾಸಿ ಅಂತ ಮ್ಯಾನಕ್ ಜೊತೆಯಲ್ಲಿ ರಿವಾಲ್ವರ್ ಇಟ್ಟುಕೊಂಡೇ ಹಾರುತ್ತಿದ್ದ. ಭಯ ಇದ್ದದ್ದರಿಂದಲೇ ಅವನು ಎಲ್ಲವನ್ನೂ ಕೂತು ಯೋಚಿಸಿದ. ಗುರಿ ಅಭ್ಯಾಸ ಮಾಡಿದ, ಮೆಷಿನ್ ಗನ್ನುಗಳ ಗುರಿ ಒಂದೇ ಕಡೆ ಕೂಡುವ ಹಾಗೆ ತಾನೇ ಹೊಂದಿಸಿದ. ಎತ್ತರದಿಂದಲೇ ಹೋಗಬೇಕು, ಹತ್ತಿರ ಹೋಗಿ ಹೊಡೆಯಬೇಕು, ಬಿದ್ದ ವಿಮಾನದ ಹಿಂದೆ ಕೆಳಗೆ ಹೋಗಬಾರದು. ಇದು ಅವನ ಪಾಠ. ಮ್ಯಾನಕ್ ಮೆಕ್‌ಎಲ್ರಾಯ್‌ಗೆ ಕಲಿಸಿದ, ಮೆಕ್‌ಎಲ್ರಾಯ್ ರಾಯ್‌ನನ್ನು ತನ್ನ ಪಕ್ಕದಲ್ಲಿ ಹಾರಿಸಿಕೊಂಡು ಕಲಿಸಿದ.

ಮೂವರೂ ಮೊದಲು ತಡವರಿಸಿದವರು. ತಡವರಿಸಿ ಕಲಿತವನು ಇನ್ನೊಬ್ಬನಿಗೆ ಚೆನ್ನಾಗಿ ಹೇಳಿಕೊಡುತ್ತಾನೆ. ನನ್ನ ಕ್ಲಾಸಿನಲ್ಲೂ ಇದನ್ನು ಕಂಡಿದ್ದೇನೆ.

---

ಸಿಡಿಲಮರಿ

ಮೇಷ್ಟ್ರೇ, ಜರ್ಮನರ ಏಸ್ ರೆಡ್ ಬ್ಯಾರನ್ ವಿಷಯ ಏನು? 80 ವಿಮಾನ. ಅವನಿಗೂ ಗುರು ಇದ್ದನಾ?

---

ಸೀಮೆಸುಣ್ಣ

ಇದ್ದ. ಆಸ್ವಾಲ್ಡ್ ಬೋಲ್ಕೆ. ರೆಡ್ ಬ್ಯಾರನ್‌ನ ನಿಜವಾದ ಹೆಸರು ಮಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫೆನ್. ಮೊದಲು ಸೇನೆಯ ಕುದುರೆ ಸವಾರ, ಆಮೇಲೆ ವಿಮಾನದಲ್ಲಿ ಹಿಂದೆ ಕೂತು ನೋಡುವ ಕೆಲಸ. 1916ರಲ್ಲಿ ಬೋಲ್ಕೆ ತನ್ನ ಹೊಸ ಪಡೆಗೆ ಆರಿಸಿಕೊಂಡ. ಬೋಲ್ಕೆ ಎಂಟು ನಿಯಮ ಬರೆದಿದ್ದ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಹೋಗು, ಹತ್ತಿರ ಹೋಗುವವರೆಗೆ ಗುಂಡು ಹಾರಿಸಬೇಡ, ಕಣ್ಣು ಶತ್ರುವಿನ ಮೇಲೇ ಇರಲಿ ಅನ್ನುವಂಥ ಸರಳ ಮಾತುಗಳು. ತನ್ನ ಹುಡುಗರಿಗೆ ಅದನ್ನೇ ಬಾಯಿಪಾಠ ಮಾಡಿಸಿದ. ಸೆಪ್ಟೆಂಬರ್ 17ರಂದು ರಿಕ್ಟ್‌ಹೋಫೆನ್ ಮೊದಲ ವಿಮಾನ ಹೊಡೆದ. ಅಕ್ಟೋಬರ್ 28ರಂದು ಬೋಲ್ಕೆ ಸತ್ತ. ಶತ್ರುವಿನ ಗುಂಡಿನಿಂದಲ್ಲ. ಒಂದೇ ವಿಮಾನದ ಬೆನ್ನು ಹತ್ತಿದಾಗ ತನ್ನದೇ ಪಡೆಯ ಗೆಳೆಯನ ವಿಮಾನ ತಾಗಿ ಅವನ ರೆಕ್ಕೆ ಹರಿಯಿತು.

ಕೆಂಪು ಬಣ್ಣದ ಮೂರು ರೆಕ್ಕೆಯ ವಿಮಾನ ಎಲ್ಲರಿಗೂ ಗೊತ್ತು. ಆದರೆ 80ರಲ್ಲಿ ಸುಮಾರು 20 ಮಾತ್ರ ಆ ವಿಮಾನದಲ್ಲಿ ಬಂದದ್ದು. ಹೆಚ್ಚಿನವು ಎರಡು ರೆಕ್ಕೆಯ ಆಲ್ಬಾಟ್ರೋಸ್‌ನಲ್ಲಿ. 1918ರ ಏಪ್ರಿಲ್ 21ರಂದು ಅವನೂ ಗುರುವಿನ ಪಾಠ ಬಿಟ್ಟ. ಒಬ್ಬ ಹೊಸ ಪೈಲಟ್‌ನ ಬೆನ್ನು ಹತ್ತಿ ಸೋಮ್ ನದಿಯ ಹತ್ತಿರ ಬ್ರಿಟಿಷ್ ಸೈನ್ಯದ ಸಾಲಿನ ಮೇಲೆ ತೀರ ಕೆಳಗೆ ಹೋದ. ಒಂದೇ ಗುಂಡು. ಬ್ರಿಟಿಷರು ಅದನ್ನು ಕೆನಡಾದ ರಾಯ್ ಬ್ರೌನ್ ಲೆಕ್ಕಕ್ಕೆ ಬರೆದರು. ಗುಂಡು ಹೊಕ್ಕ ಕಡೆ ನೋಡಿದರೆ, ನೆಲದಿಂದ ಆಸ್ಟ್ರೇಲಿಯಾದ ಸೈನಿಕರು ಹಾರಿಸಿದ್ದು ಅಂತ ಈಗ ಬಹಳ ಜನ ಒಪ್ಪುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತೆ. ಅವನಿಗೆ 25 ವರ್ಷ. ಆಸ್ಟ್ರೇಲಿಯಾದವರೇ ಪೂರ್ತಿ ಸೈನಿಕ ಗೌರವ ಕೊಟ್ಟು ಮಣ್ಣು ಮಾಡಿದರು.

---

ಚಂದ್ರಗಿರಿ

ಸೀಮೆಸುಣ್ಣ ಸರ್ ಬರೆದದ್ದು ಇಷ್ಟವಾಯಿತು. ಆದರೆ ಒಂದು ಮಾತು ಹೇಳದೆ ಇರಲಾರೆ. ನಾವು "10", "47", "80" ಅಂತ ಕ್ರಿಕೆಟ್ ಸ್ಕೋರಿನ ಹಾಗೆ ಬರೆಯುತ್ತಿದ್ದೇವೆ. ಮಕ್ಕಳಿಗೆ ಹೇಳುವಾಗ ಆ ಲೆಕ್ಕ ಏನು ಅಂತಲೂ ಹೇಳಬೇಕಲ್ವಾ?

ಮೊದಲನೆಯದು, ಎಲ್ಲ ಲೆಕ್ಕವೂ ಒಂದೇ ತರಹ ಅಲ್ಲ. ಬ್ರಿಟಿಷರು ಹಿಡಿತ ತಪ್ಪಿ ಕೆಳಗೆ ಹೋದ ವಿಮಾನವನ್ನೂ ಗೆಲುವು ಅಂತಲೇ ಬರೆದರು. ಅದರಲ್ಲಿ ಎಷ್ಟೋ ಜರ್ಮನ್ ಪೈಲಟ್‌ಗಳು ಬೇಕಂತಲೇ ಗಿರಗಿರ ಸುತ್ತಿಸಿ ಕೆಳಗಿಳಿದು ಮನೆ ಸೇರಿಕೊಂಡರು. ರಾಯ್‌ನ 10ರಲ್ಲಿ ಪೂರ್ತಿ ನಾಶವಾದದ್ದು 5, ಹಿಡಿತ ತಪ್ಪಿದ್ದು 5. ಎರಡೂ ಬಗೆಯಲ್ಲಿ ಒಂದೊಂದು ಜೊತೆಯವರೊಡನೆ ಹಂಚಿಕೊಂಡದ್ದು. ಜರ್ಮನರಿಗೆ ಅವಶೇಷ ಅಥವಾ ಸಾಕ್ಷಿ ಬೇಕಿತ್ತು. ಅವರು ಹೆಚ್ಚಾಗಿ ತಮ್ಮ ಸೈನ್ಯದ ಸಾಲಿನ ಮೇಲೇ ಕಾದಾಡಿದರು, ಹಾಗಾಗಿ ಬಿದ್ದದ್ದು ಕಣ್ಣೆದುರೇ ಸಿಗುತ್ತಿತ್ತು. ಇದರಿಂದ ರಾಯ್ ಚಿಕ್ಕವನಾಗಲ್ಲ. ಅವನು ಕಾದಾಡಿದ್ದು ಶತ್ರುವಿನ ನೆಲದ ಮೇಲೆ. ಗಾಳಿ ಕೂಡ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸಿ ಇವರನ್ನು ಆ ಕಡೆಗೇ ತಳ್ಳುತ್ತಿತ್ತು. ಇಂಜಿನ್ ಕೆಟ್ಟರೆ ಮನೆ ಮುಟ್ಟುವ ಹಾಗಿಲ್ಲ.

ಎರಡನೆಯದು ನನಗೆ ಜಾಸ್ತಿ ಮುಖ್ಯ. ರಾಯ್ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಎರಡು ಸೀಟಿನ ವಿಮಾನಗಳು. ಅವು ಫೋಟೋ ತೆಗೆಯುತ್ತಿದ್ದವು, ಫಿರಂಗಿಗಳಿಗೆ ಗುರಿ ತೋರಿಸುತ್ತಿದ್ದವು. ಅವುಗಳನ್ನು ಬಿಟ್ಟರೆ ಕೆಳಗೆ ಕಂದಕದಲ್ಲಿ ಕೂತ ನೂರಾರು ಜನ ಸಾಯುತ್ತಾರೆ. ಅದಕ್ಕೇ ಹೊಡೆಯಬೇಕಿತ್ತು. ಆದರೆ ಅಂಥ ಒಂದು "ಗೆಲುವು" ಅಂದರೆ ಎರಡು ಮನೆ. ರಾಯ್‌ನ ತಾಯಿಯ ಹಾಗೆ ಅಲ್ಲೂ ತಾಯಂದಿರು ಇದ್ದರು. ನಾನು ಇದನ್ನು ರಾಯ್ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಆ ಹುಡುಗಿ ಅಷ್ಟು ಚೆನ್ನಾಗಿ ಯೋಚಿಸುತ್ತಾಳೆ, ಅವಳಿಗೆ ಇದೂ ತಿಳಿಯಲಿ ಅಂತ.

---

ಬಾನಾಡಿ

ಚಂದ್ರಗಿರಿ, ನೀವು ಹೇಳಿದ್ದು ಸರಿ. ನಾನು ಕಥೆ ಹೇಳುವಾಗ "ಹೊಡೆದು ಉರುಳಿಸಿದ" ಅಂದಾಗ ಹುಡುಗರು ಚಪ್ಪಾಳೆ ತಟ್ಟಿದರು. ಆಗ ಏನೋ ಕಸಿವಿಸಿ ಆಯಿತು, ಯಾಕೆ ಅಂತ ಗೊತ್ತಾಗಿರಲಿಲ್ಲ. ಈ ಸಲ ಎರಡನೇ ಸೀಟಿನವನ ಬಗ್ಗೆಯೂ ಹೇಳುತ್ತೇನೆ.

---

ಹಳೇ ಸ್ಪ್ಯಾನರ್

ಮೇಷ್ಟ್ರು "ಹತ್ತಿರ ಹೋಗಿ ಹೊಡೆಯಬೇಕು" ಅಂದರಲ್ಲ, ಅದು ಯಾಕೆ ಕಷ್ಟ ಅಂತ ಹೇಳುತ್ತೇನೆ. ಎಸ್‌ಇ5ಎಗೆ ಎರಡು ಗನ್. ಒಂದು ಮೂತಿಯ ಮೇಲೆ, ಪ್ರೊಪೆಲ್ಲರ್ ಎಲೆ ಅಡ್ಡ ಇಲ್ಲದಾಗ ಮಾತ್ರ ಗುಂಡು ಹೋಗುವ ಏರ್ಪಾಡು. ಇನ್ನೊಂದು ಮೇಲಿನ ರೆಕ್ಕೆಯ ಮೇಲೆ. ಆ ಮೇಲಿನದಕ್ಕೆ 97 ಗುಂಡಿನ ದುಂಡು ಡಬ್ಬ. ಒಂದೇ ಸಮ ಒತ್ತಿ ಹಿಡಿದರೆ ಹತ್ತು ಸೆಕೆಂಡಿನಲ್ಲಿ ಖಾಲಿ. ಆಮೇಲೆ ಗನ್ನನ್ನು ಕಂಬಿಯ ಮೇಲೆ ಕೆಳಗೆ ಜಾರಿಸಿ, ಖಾಲಿ ಡಬ್ಬ ಕಿತ್ತು, ಹೊಸದು ಕೂರಿಸಬೇಕು. ಹದಿನೈದು ಸಾವಿರ ಅಡಿ ಎತ್ತರ, ಮೈ ಕೊರೆಯುವ ಚಳಿ, ಕೈಗೆ ದಪ್ಪ ಗ್ಲೌಸು, ಆಕ್ಸಿಜನ್ ಇಲ್ಲ, ಎದುರಿನ ಗಾಳಿ ಡಬ್ಬವನ್ನೇ ಕಿತ್ತುಕೊಂಡು ಹೋಗುವಷ್ಟು. ವಿಮಾನ ನಡೆಸುವ ಸ್ಟಿಕ್ಕನ್ನು ಮೊಣಕಾಲಿನ ಮಧ್ಯೆ ಹಿಡಿದುಕೊಂಡೇ ಇದೆಲ್ಲ.

1915ರ ಮೇ ತಿಂಗಳಲ್ಲಿ ಲೂಯಿ ಸ್ಟ್ರೇಂಜ್ ಅನ್ನುವ ಪೈಲಟ್ ಹಿಂದಿನ ತರಹದ ವಿಮಾನದಲ್ಲಿ ಡಬ್ಬ ಬದಲಾಯಿಸಲು ಎದ್ದು ನಿಂತ. ಡಬ್ಬ ಬಿಗಿದುಕೊಂಡಿತ್ತು. ಎರಡು ಕೈಯಲ್ಲಿ ಜಗ್ಗಿದಾಗ ವಿಮಾನ ತಲೆಕೆಳಗಾಯಿತು. ಅವನು ಹೊರಗೆ ನೇತಾಡಿದ, ಅದೇ ಡಬ್ಬ ಹಿಡಿದುಕೊಂಡು. ಅಲ್ಲಿಯವರೆಗೆ ಇದು ಬಿಟ್ಟುಬರಲಿ ಅಂತ ಜಗ್ಗಿದವನು, ಈಗ ಬಿಟ್ಟು ಬರದಿರಲಿ ಅಂತ ಬೇಡಿಕೊಳ್ಳಬೇಕು. ಹೇಗೋ ಕಾಲನ್ನು ಒಳಗೆ ಹಾಕಿ, ಸ್ಟಿಕ್ ಒದ್ದು, ವಿಮಾನ ನೆಟ್ಟಗೆ ಮಾಡಿ ಸೀಟಿಗೆ ಬಿದ್ದ. ಬದುಕಿದ. ಎರಡನೇ ಮಹಾಯುದ್ಧದಲ್ಲೂ ಹಾರಿದ.

ಹೀಗಿರುವಾಗ ದೂರದಿಂದ ಗುಂಡು ಚೆಲ್ಲುವವನಿಗೆ ಏನೂ ದಕ್ಕಲ್ಲ. ತಾಳಿಕೊಂಡು ಹತ್ತಿರ ಹೋಗಬೇಕು. ಆ ತಾಳ್ಮೆಯನ್ನು ಯಾರಾದರೂ ಪಕ್ಕದಲ್ಲಿ ಹಾರಿ ತೋರಿಸಿಯೇ ಕಲಿಸಬೇಕು. ಮೇಷ್ಟ್ರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

---

ನೀಲಿ ಲಕೋಟೆ

ಹರಳೆಣ್ಣೆ ವಿಷಯ ಬಂದದ್ದಕ್ಕೆ ಇನ್ನೊಬ್ಬರ ಹೆಸರು ಹೇಳಬೇಕು. ಹರ್ದಿತ್ ಸಿಂಗ್ ಮಲಿಕ್, ರಾವಲ್ಪಿಂಡಿಯ ಸಿಖ್ಖರು. ಕ್ಯಾಮಲ್ ಹಾರಿಸಿದವರು ಇವರು. ಪೇಟದ ಮೇಲೆ ಕೂರುವಂಥ ದೊಡ್ಡ ಹೆಲ್ಮೆಟ್ ಬೇರೆ ಮಾಡಿಸಿಕೊಂಡಿದ್ದರು. 1917ರ ಅಕ್ಟೋಬರ್ 26ರಂದು ಕಾಲಿಗೆ ಗುಂಡು ಬಿತ್ತು. ವಿಮಾನದಲ್ಲಿ 400ಕ್ಕೂ ಹೆಚ್ಚು ತೂತು. ಆದರೂ ಇಳಿಸಿದರು. ಏಸ್‌ಗಳ ಪಟ್ಟಿಯಲ್ಲಿ ಅವರಿಲ್ಲ. ಆಮೇಲೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಫ್ರಾನ್ಸಿಗೇ ಹೋದರು. 1985ರಲ್ಲಿ ತೀರಿಕೊಂಡಾಗಲೂ ಆ ಗುಂಡುಗಳು ಕಾಲಿನಲ್ಲೇ ಇದ್ದವು.

---

ಸಿಡಿಲಮರಿ

ಮೇಷ್ಟ್ರೇ, ಮ್ಯಾನಕ್, ಮೆಕ್‌ಎಲ್ರಾಯ್ ಏನಾದರು?

---

ಸೀಮೆಸುಣ್ಣ

ಇದನ್ನು ಬರೆಯಲು ಎರಡು ದಿನ ತಡ ಮಾಡಿದೆ.

ಜುಲೈ 22: ಕಾರ್ವಾನ್ ಊರಿನ ಮೇಲೆ ಜರ್ಮನ್ ಫೋಕರ್ ವಿಮಾನಗಳ ಜೊತೆ ಕಾದಾಡುತ್ತ ರಾಯ್ ವಿಮಾನಕ್ಕೆ ಬೆಂಕಿ ಹತ್ತಿ ಬಿತ್ತು.

ಜುಲೈ 26: ಮ್ಯಾನಕ್ ಆಗ 85ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥ. ಇನ್ನೂ ಒಂದೂ ಗೆಲುವು ಕಾಣದ ಡೊನಾಲ್ಡ್ ಇಂಗ್ಲಿಸ್ ಅನ್ನುವ ನ್ಯೂಜಿಲೆಂಡ್ ಹುಡುಗನನ್ನು ಬೆಳಗಿನ ಜಾವ ಜೊತೆಗೆ ಕರೆದುಕೊಂಡು ಹೊರಟ. ಎರಡು ಸೀಟಿನ ವಿಮಾನ ಸಿಕ್ಕಿತು. ತಾನು ಹೊಡೆದು, ಉಳಿದದ್ದನ್ನು ಹುಡುಗನಿಗೆ ಬಿಟ್ಟ. ಮೊದಲ ಗೆಲುವು ಅವನದೂ ಆಗಲಿ ಅಂತ. ಆಮೇಲೆ, ಯಾವುದನ್ನು ಮಾಡಬೇಡಿ ಅಂತ ಎಲ್ಲರಿಗೂ ಹೇಳಿದ್ದನೋ ಅದನ್ನೇ ಮಾಡಿದ. ಬಿದ್ದ ವಿಮಾನದ ಮೇಲೆ ಕೆಳಮಟ್ಟದಲ್ಲಿ ಸುತ್ತಿದ. ನೆಲದಿಂದ ಗುಂಡು ಬಂತು. ಬೆಂಕಿ ಹತ್ತಿತು. ಇಂಗ್ಲಿಸ್ ಬದುಕಿ ಬಂದು ನಡೆದದ್ದನ್ನು ಹೇಳಿದ.

ಜುಲೈ 31: ಮೆಕ್‌ಎಲ್ರಾಯ್ ಒಬ್ಬನೇ ಹೋದ. ವಾಪಸ್ ಬರಲಿಲ್ಲ. ಅವನನ್ನೂ ನೆಲದ ಗುಂಡೇ ಬೀಳಿಸಿತು. ಹಿಂದೆ ಮ್ಯಾನಕ್ ಇದೇ ವಿಷಯಕ್ಕೆ ಅವನನ್ನು ಎಚ್ಚರಿಸಿದ್ದ.

ಹತ್ತು ದಿನದೊಳಗೆ ಗುರು, ಶಿಷ್ಯ, ಶಿಷ್ಯನ ಶಿಷ್ಯ ಮೂವರೂ ಹೋದರು. ಪಾಠ ಸರಿಯಾಗಿಯೇ ಇತ್ತು. ದಿನಕ್ಕೆ ಎರಡು ಮೂರು ಸಲ, ವಾರಗಟ್ಟಲೆ ಹಾರಿದ ದೇಹಕ್ಕೆ ಪಾಠ ನೆನಪಿಡುವ ಶಕ್ತಿ ಎಲ್ಲಿಂದ ಬರಬೇಕು?

---

ಉತ್ತರದ ಗಾಳಿ

ತಡವಾಗಿ ಬರುತ್ತಿದ್ದೇನೆ. ನಾನು ಧಾರವಾಡದವನು, ಈಗ ಇರೋದು ಫ್ರಾನ್ಸಿನ ಲಿಲ್ ಊರಿನಲ್ಲಿ. ರಾಯ್ ಸಮಾಧಿ ಇಲ್ಲಿಗೆ ಹತ್ತಿರ, ಎಸ್ತೆವೆಲ್ ಅನ್ನುವ ಹಳ್ಳಿಯ ಸ್ಮಶಾನದಲ್ಲಿ. ದೊಡ್ಡ ಯುದ್ಧ ಸ್ಮಾರಕಗಳ ಹಾಗೆ ಸಾಲು ಸಾಲು ಬಿಳಿ ಕಲ್ಲು ಇಲ್ಲ. ಊರಿನವರ ಸಮಾಧಿಗಳ ನಡುವೆಯೇ ಇದೆ. ಹೋದ ವರ್ಷ ಮಗನನ್ನು ಕರೆದುಕೊಂಡು ಹೋಗಿದ್ದೆ. ಕಲ್ಲಿನ ಮೇಲೆ ಫ್ರೆಂಚ್‌ನಲ್ಲಿ, ತಾನು ಪ್ರೀತಿಸಿದ ಆದರ್ಶಕ್ಕಾಗಿ ಸತ್ತ ಅಂತ ಇದೆ. ಅದರ ಜೊತೆ ಬಂಗಾಳಿಯಲ್ಲೂ ಬರೆದಿದ್ದಾರೆ. ಫ್ರಾನ್ಸಿನ ಹಳ್ಳಿಯಲ್ಲಿ ನಮ್ಮ ಕಡೆಯ ಅಕ್ಷರ ಕಂಡಾಗ ನಾನು ಸುಮ್ನೆ ನಿಂತುಬಿಟ್ಟೆ.

---

ಬಾನಾಡಿ

ಅಣ್ಣಾ, ಆ ಬಂಗಾಳಿ ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡುತ್ತೀರಾ? ಮಕ್ಕಳ ಕೈಯಲ್ಲಿ ಬೋರ್ಡಿನ ಮೇಲೆ ಬರೆಸುತ್ತೇನೆ. ಆ ಹುಡುಗಿಗೆ ಮ್ಯಾನಕ್‌ನಿಂದ ರಾಯ್‌ವರೆಗಿನ ಪಾಠದ ಕಥೆಯನ್ನು ಪೂರ್ತಿ ಹೇಳುತ್ತೇನೆ, ಜುಲೈ 31ರವರೆಗೂ.

---

ಉತ್ತರದ ಗಾಳಿ

ಬರೆದುಕೊಳ್ಳಿ ಅಕ್ಕಾ: "ಮಹಾವೀರೇರ ಸಮಾಧಿ, ಸಂಭ್ರಮ ದೇಖಾಓ, ಸ್ಪರ್ಶ ಕೋರೋ ನಾ."

ಅರ್ಥ, ಇದು ಮಹಾವೀರನ ಸಮಾಧಿ, ಗೌರವ ತೋರಿಸು, ಮುಟ್ಟಬೇಡ ಅಂತ. ಒಂದು ಮಾತು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಸಂಭ್ರಮ ಅಂದರೆ ನಮಗೆ ಹಬ್ಬ, ಮದುವೆಮನೆ. ನನ್ನ ಮಗನೂ ಅಲ್ಲಿ ನಿಂತು, "ಅಪ್ಪಾ, ಇಲ್ಲಿ ಯಾಕೆ ಸಂಭ್ರಮ?" ಅಂತ ಕೇಳಿದ. ಬಂಗಾಳಿಯಲ್ಲಿ ಅದೇ ಮಾತಿಗೆ ಮರ್ಯಾದೆ, ಗೌರವ ಅಂತ ಅರ್ಥ. ಅಷ್ಟು ಹೇಳಿದ ಮೇಲೆ ಅವನು ಕಲ್ಲಿನ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.